ಮೂಗಿನ ಸರ್ಜರಿಗೆ ಮುಂಚೆ, ಆಮೇಲೆ: ಯಾವ ಭಯ ಸಹಜ, ಯಾವುದಕ್ಕೆ ಡಾಕ್ಟರಿಗೆ ಫೋನ್ ಮಾಡಬೇಕು

ಮೂಗಿನ ಆಕಾರ ತಿದ್ದುವ ಆಪರೇಷನ್ ಆಗಿ ಏಳನೇ ದಿನ ಸ್ಪ್ಲಿಂಟ್, ಅಂದರೆ ಮೂಗಿನ ಮೇಲೆ ಅಂಟಿಸಿದ್ದ ಗಟ್ಟಿ ಪಟ್ಟಿ, ತೆಗೆದರು. ನನ್ನ ತಂಗಿ ಕನ್ನಡಿ ನೋಡಿದಳು, ಅಳೋಕೆ ಶುರು ಮಾಡಿದಳು. "ಅಕ್ಕಾ, ಇದು ನನ್ನ ಮೂಗೇ ಅಲ್ಲ. ತುದಿ ಹೇಗೆ ಮೇಲಕ್ಕೆ ಎದ್ದು ನಿಂತಿದೆ ನೋಡು." ನನಗೂ ಎದೆ ಧಸಕ್ ಅಂತು. ಡಾಕ್ಟರ್ ಮಾತ್ರ ಸಮಾಧಾನವಾಗಿ ಹೇಳಿದರು: ಇದು ಊತ, ಇಳಿಯುತ್ತದೆ. ನಮಗೆ ನಂಬಿಕೆ ಬರಲಿಲ್ಲ. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ತುದಿ ತಾನಾಗಿಯೇ ಕೆಳಗಿಳಿದು ಅವಳ ಮುಖಕ್ಕೆ ಹೊಂದಿಕೊಂಡಿತ್ತು.

ಆ ವಾರ ನಾವು ಪಟ್ಟ ಸಂಕಟದಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಡವಾಗಿತ್ತು. ಯಾವುದು ತಾನಾಗಿ ಸರಿಹೋಗುತ್ತದೆ, ಯಾವುದಕ್ಕೆ ಮಧ್ಯರಾತ್ರಿಯಾದರೂ ಫೋನ್ ಮಾಡಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಸಾಕಿತ್ತು. ನಾನು ಡಾಕ್ಟರ್ ಅಲ್ಲ. ಒಂದು ವರ್ಷ ಅವಳ ಜೊತೆ ಇದ್ದು, ಪ್ರತಿ ಭೇಟಿಯಲ್ಲೂ ಕೇಳಿ ತಿಳಿದುಕೊಂಡಿದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಸರ್ಜನ್ ಬೇರೆ ಥರ ಹೇಳಿದರೆ ಅವರ ಮಾತನ್ನೇ ಕೇಳಿ. ನಿಮ್ಮ ಮೂಗನ್ನು ನೋಡಿರುವವರು ಅವರು.

ಹಂತ 1: ಏನು ಬೇಕು ಅಂತ ಹಾಳೆ ಮೇಲೆ ಬರೆಯಿರಿ

ಡಾಕ್ಟರ್ ಹತ್ತಿರ ಹೋಗುವ ಮುಂಚೆಯೇ ಈ ಕೆಲಸ ಮಾಡಿ. "ನನ್ನ ಮೂಗು ಚೆನ್ನಾಗಿಲ್ಲ" ಅಂದರೆ ಸಾಲದು. ಪಕ್ಕದಿಂದ ನೋಡಿದಾಗ ಮೂಗಿನ ಏಣಿನ ಮೇಲೆ ಉಬ್ಬು ಕಾಣುತ್ತದೆಯಾ? ತುದಿ ದಪ್ಪ ಇದೆಯಾ? ನಕ್ಕಾಗ ತುದಿ ಕೆಳಗೆ ಬಾಗುತ್ತದೆಯಾ? ಹೊಳ್ಳೆ ಅಗಲ ಅನಿಸುತ್ತದೆಯಾ? ಒಂದು ಕಡೆಗೆ ಸೊಟ್ಟ ಇದೆಯಾ? ಇವುಗಳಲ್ಲಿ ನಿಮ್ಮನ್ನು ತುಂಬಾ ಕಾಡುವ ಎರಡನ್ನು ಮಾತ್ರ ಆರಿಸಿ, ಕೆಳಗೆ ಗೆರೆ ಎಳೆಯಿರಿ. ಯಾವುದು ಹಾಗೇ ಇರಬೇಕು ಅನ್ನುವುದನ್ನೂ ಬರೆಯಿರಿ. ನನ್ನ ತಂಗಿ "ಉಬ್ಬು ಹೋಗಬೇಕು, ಆದರೆ ಅಪ್ಪನ ಮೂಗಿನ ಉದ್ದ ಉಳಿಯಬೇಕು" ಅಂತ ಬರೆದುಕೊಂಡು ಹೋಗಿದ್ದಳು. ಆ ಒಂದು ಸಾಲಿನಿಂದ ಡಾಕ್ಟರಿಗೆ ಎಷ್ಟೋ ವಿಷಯ ಅರ್ಥವಾಯಿತು.

ಫೋನಿನ ಸೆಲ್ಫಿ ನೋಡಿ ಮೂಗನ್ನು ಅಳೆಯಬೇಡಿ. ಕ್ಯಾಮೆರಾಕ್ಕೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ, ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಮೂಗು. 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು. 12 ಇಂಚು ದೂರದಿಂದ ತೆಗೆದ ಫೋಟೋದಲ್ಲಿ ಮೂಗಿನ ಬುಡ ಸುಮಾರು ಶೇ. 30ರಷ್ಟು ಹೆಚ್ಚು ಅಗಲವಾಗಿ ಕಾಣುತ್ತದೆ. 5 ಅಡಿ ದೂರದಿಂದ ತೆಗೆದರೆ ಹೀಗಾಗುವುದಿಲ್ಲ. ಅದಕ್ಕೇ ಬೇರೆಯವರ ಕೈಗೆ ಫೋನ್ ಕೊಟ್ಟು, ಐದಾರು ಅಡಿ ದೂರ ನಿಲ್ಲಿಸಿ, ಎದುರಿಂದ ಮತ್ತು ಎರಡೂ ಪಕ್ಕದಿಂದ ಫೋಟೋ ತೆಗೆಸಿಕೊಳ್ಳಿ. ಅದನ್ನು ನೋಡಿದ ಮೇಲೂ ಅದೇ ಬೇಸರ ಇದ್ದರೆ ಮುಂದಿನ ಹೆಜ್ಜೆ ಇಡಿ.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. ಮೂಗಿನ ಬಗ್ಗೆ ಸಂಕಟ ಪಡುವುದು ಜಂಭ ಅಲ್ಲ. 1898ರಲ್ಲಿ ಬರ್ಲಿನ್‌ನ ಡಾಕ್ಟರ್ ಜಾಕ್ ಜೋಸೆಫ್ ಹತ್ತಿರ ಒಬ್ಬ ಯುವಕ ಬಂದಿದ್ದ. ತನ್ನ ದೊಡ್ಡ ಮೂಗಿನ ಕಾರಣಕ್ಕೆ ಜನರ ಮುಂದೆ ಹೋಗಲು ಅವನಿಗೆ ಸಂಕೋಚ. ಆಪರೇಷನ್ ಆದ ಮೇಲೆ ಅವನ ಮನಸ್ಸು ಹಗುರವಾಯಿತು ಅಂತ ಜೋಸೆಫ್ ದಾಖಲಿಸಿದ್ದಾರೆ. ಹಾಗಾಗಿ ನಿಮ್ಮ ನೋವನ್ನು ಯಾರಾದರೂ ಹಗುರವಾಗಿ ತಳ್ಳಿಹಾಕಿದರೆ ಕುಗ್ಗಬೇಡಿ. ಆದರೆ ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ಕಳೆಯುತ್ತಿದ್ದರೆ, ಬೇರೆ ಯಾರಿಗೂ ಕಾಣದ ದೋಷ ನಿಮಗೊಬ್ಬರಿಗೇ ದೊಡ್ಡದಾಗಿ ಕಾಣುತ್ತಿದ್ದರೆ, ಅದರಿಂದ ಕೆಲಸ, ಓದು, ಸ್ನೇಹ ಎಲ್ಲ ನಿಂತುಹೋಗಿದ್ದರೆ, ಮೊದಲು ಮನೋವೈದ್ಯರನ್ನು ನೋಡಿ. ರೂಪದ ಬಗ್ಗೆ ಬಿಡದೆ ಕಾಡುವ ಇಂಥ ಚಿಂತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸರ್ಜರಿಯಿಂದ ಅದು ಸಾಮಾನ್ಯವಾಗಿ ವಾಸಿಯಾಗುವುದಿಲ್ಲ, ಚಿಂತೆ ಇನ್ನೊಂದು ಕಡೆಗೆ ತಿರುಗುತ್ತದೆ ಅಷ್ಟೆ. ಗಂಡನಿಗೋ ಹೆಂಡತಿಗೋ ಗೆಳೆಯರಿಗೋ ಇಷ್ಟ ಅಂತ ಮಾಡಿಸಿಕೊಳ್ಳುವುದೂ ಬೇಡ. ಮೂಗು ನಿಮ್ಮದು, ನೋವೂ ನಿಮ್ಮದೇ ಅಲ್ವಾ?

ವಯಸ್ಸು ಮುಖ್ಯ. ಮೂಗು ಬೆಳೆದು ಮುಗಿಯಬೇಕು. ಹುಡುಗಿಯರಲ್ಲಿ ಸುಮಾರು 15-16, ಹುಡುಗರಲ್ಲಿ 17-18ಕ್ಕೆ ಬೆಳವಣಿಗೆ ನಿಲ್ಲುತ್ತದೆ. ಮನಸ್ಸು ಗಟ್ಟಿಯಾಗಲಿ ಅಂತ ಇನ್ನೂ ಸ್ವಲ್ಪ ಕಾದರೆ ನಷ್ಟವೇನಿಲ್ಲ.

ಹಂತ 2: ಉಸಿರಾಟವನ್ನು ಮರೆಯಬೇಡಿ

ರೂಪದ ಮಾತಿನಲ್ಲಿ ಇದು ಹಿಂದೆ ಬೀಳುತ್ತದೆ. ಮೂಗು ಇರುವುದು ಉಸಿರಾಡೋಕೆ. ಒಳಗೆ ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ, ಸೆಪ್ಟಮ್ ಅನ್ನುತ್ತಾರೆ. ಅದು ಸೊಟ್ಟ ಇದ್ದರೆ ಒಂದು ಕಡೆ ಯಾವಾಗಲೂ ಕಟ್ಟಿಕೊಂಡಿರುತ್ತದೆ. ರಾತ್ರಿ ಬಾಯಲ್ಲಿ ಉಸಿರಾಡುತ್ತೀರಾ? ಗೊರಕೆ ಇದೆಯಾ? ವರ್ಷಪೂರ್ತಿ ಅಲರ್ಜಿ ಶೀತ ಇದೆಯಾ? ಹಿಂದೆ ಯಾವಾಗಲಾದರೂ ಮೂಗಿಗೆ ಪೆಟ್ಟು ಬಿದ್ದಿತ್ತಾ? ಇವನ್ನೆಲ್ಲ ಹೇಳಿ. ಗೋಡೆ ನೇರ ಮಾಡುವ ಕೆಲಸವನ್ನು ಎಷ್ಟೋ ಸಲ ಅದೇ ಆಪರೇಷನ್‌ನಲ್ಲಿ ಸೇರಿಸುತ್ತಾರೆ.

ಮೂಗನ್ನು ತೀರಾ ಸಣ್ಣದು ಮಾಡಿದರೆ ಒಳಗಿನ ದಾರಿ ಕಿರಿದಾಗುತ್ತದೆ. ನೋಡೋಕೆ ಚೆಂದ, ಉಸಿರಾಡೋಕೆ ಕಷ್ಟ. ಇಂಥ ತೊಂದರೆ ನಿಜವಾಗಿಯೂ ಆಗುತ್ತದೆ. ನನಗೆ ಕೇಳಿದರೆ, "ಈ ಆಕಾರ ಮಾಡಿದರೆ ನನ್ನ ಉಸಿರಾಟ ಏನಾಗುತ್ತದೆ?" ಅನ್ನುವುದೇ ಡಾಕ್ಟರಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ಹಂತ 3: ಸರ್ಜನ್ ಜೊತೆ ಮಾತಾಡುವಾಗ

ಪ್ಲಾಸ್ಟಿಕ್ ಸರ್ಜನ್ ಅಥವಾ ಮುಖದ ಸರ್ಜರಿಯಲ್ಲಿ ತರಬೇತಿ ಪಡೆದ ಇಎನ್‌ಟಿ ಸರ್ಜನ್ ಈ ಕೆಲಸ ಮಾಡುತ್ತಾರೆ. ಇಬ್ಬರಲ್ಲಿ ಯಾರಾದರೂ ಸರಿ. ಆದರೆ ಮೂಗಿನ ಆಪರೇಷನ್ ಅವರ ಕೈಯಲ್ಲಿ ಪದೇ ಪದೇ ಆಗುತ್ತಿರಬೇಕು. ಸಾಧ್ಯವಾದರೆ ಇಬ್ಬರು ಡಾಕ್ಟರರನ್ನು ನೋಡಿ. "ಇವತ್ತೇ ಹಣ ಕಟ್ಟಿದರೆ ಕಡಿಮೆ ಮಾಡಿಕೊಡುತ್ತೇವೆ" ಅನ್ನುವ ಜಾಗದಿಂದ ಎದ್ದು ಬನ್ನಿ.

ನಿಮ್ಮಂಥದ್ದೇ ಮೂಗು, ನಿಮ್ಮಂಥದ್ದೇ ಚರ್ಮ ಇದ್ದವರ ಆಪರೇಷನ್‌ಗೆ ಮುಂಚಿನ, ಆಮೇಲಿನ ಫೋಟೋ ತೋರಿಸಲು ಕೇಳಿ. ಆಪರೇಷನ್ ಆಗಿ ಒಂದು ತಿಂಗಳಿನ ಫೋಟೋ ಸಾಲದು, ಒಂದು ವರ್ಷದ್ದು ಬೇಕು. ಚರ್ಮದ ಮಾತು ಯಾಕೆ ಅಂದರೆ, ದಪ್ಪ ಚರ್ಮ ಇದ್ದರೆ ಒಳಗೆ ಎಷ್ಟು ಚೂಪಾಗಿ ಕೆತ್ತಿದರೂ ಹೊರಗೆ ಅಷ್ಟು ಚೂಪು ಕಾಣುವುದಿಲ್ಲ, ಊತವೂ ನಿಧಾನಕ್ಕೆ ಇಳಿಯುತ್ತದೆ. ತೆಳು ಚರ್ಮ ಇದ್ದರೆ ಒಳಗಿನ ಸಣ್ಣ ಏರುಪೇರೂ ಹೊರಗೆ ತೋರುತ್ತದೆ. ಬೇರೆಯವರ ಮೂಗಿನ ಫೋಟೋ ಹಿಡಿದುಕೊಂಡು ಹೋಗುವವರು ಇದನ್ನು ತಿಳಿದಿರಬೇಕು. ಕಂಪ್ಯೂಟರ್‌ನಲ್ಲಿ ತಿದ್ದಿ ತೋರಿಸುವ ಚಿತ್ರವೂ ಅಷ್ಟೇ. ಇಬ್ಬರ ಮನಸ್ಸಿನಲ್ಲಿ ಒಂದೇ ಆಕಾರ ಇದೆಯಾ ಅಂತ ನೋಡೋಕೆ ಅದು ಒಳ್ಳೆಯದು. ಮಾತು ಕೊಟ್ಟ ಹಾಗೆ ಅಲ್ಲ.

"ಓಪನ್ ಮಾಡುತ್ತೀರಾ, ಕ್ಲೋಸ್ಡ್ ಮಾಡುತ್ತೀರಾ?" ಅಂತಲೂ ಕೇಳಿ. ಓಪನ್ ಅಂದರೆ ಎರಡು ಹೊಳ್ಳೆಗಳ ನಡುವಿನ ಕಂಬದಂಥ ಭಾಗದಲ್ಲಿ ಸಣ್ಣದಾಗಿ ಕೊಯ್ದು ಚರ್ಮ ಎತ್ತಿ ನೋಡುವುದು. ಕ್ಲೋಸ್ಡ್ ಅಂದರೆ ಎಲ್ಲ ಕೊಯ್ತವೂ ಮೂಗಿನ ಒಳಗೇ. ಓಪನ್‌ನಲ್ಲಿ ಒಂದು ಸಣ್ಣ ಗಾಯದ ಗುರುತು ಉಳಿಯುತ್ತದೆ, ಸಾಮಾನ್ಯವಾಗಿ ಅದು ಕಾಲ ಕಳೆದಂತೆ ಕಂಡೂ ಕಾಣದ ಹಾಗೆ ಆಗುತ್ತದೆ. ಊತ ತುಸು ಜಾಸ್ತಿ ದಿನ ಇರಬಹುದು. ತುದಿಯ ಕೆಲಸ ಜಾಸ್ತಿ ಇದ್ದರೆ ಹಲವು ಸರ್ಜನ್‌ಗಳು ಓಪನ್ನೇ ಆರಿಸುತ್ತಾರೆ, ಎಲ್ಲ ಕಣ್ಣೆದುರು ಕಾಣುತ್ತದೆ ಅಂತ. ಯಾವುದು ಮೇಲು ಅಂತ ವಾದ ಮಾಡುವುದಕ್ಕಿಂತ, ನಿಮ್ಮ ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆ ಅಂತ ನೋಡುವುದು ಒಳ್ಳೆಯದು.

ಮೂಗಿಗೆ ಆಧಾರ ಬೇಕಾದಾಗ ಕಾರ್ಟಿಲೇಜ್, ಅಂದರೆ ಮೆತ್ತನೆಯ ಮೂಳೆ, ಇಡುತ್ತಾರೆ. ಅದನ್ನು ಹೆಚ್ಚಾಗಿ ಮೂಗಿನ ಗೋಡೆಯಿಂದಲೇ ತೆಗೆಯುತ್ತಾರೆ. ಸಾಲದಿದ್ದರೆ ಕಿವಿಯಿಂದ, ಇನ್ನೂ ಬೇಕಾದರೆ ಪಕ್ಕೆಲುಬಿನಿಂದ. ಎಲ್ಲಿಂದ ತೆಗೆಯುತ್ತೀರಿ ಅಂತ ಮುಂಚೆಯೇ ತಿಳಿದುಕೊಳ್ಳಿ. ಎದ್ದಾಗ ಎದೆ ಪಕ್ಕ ಹೊಲಿಗೆ ಕಂಡು ಗಾಬರಿಯಾಗುವುದು ಬೇಡ. ಕೆಲವರಿಗೆ ಡಾಕ್ಟರ್ ಗದ್ದದ ಬಗ್ಗೆ ಮಾತೆತ್ತುತ್ತಾರೆ. ಬೇರೆ ವ್ಯಾಪಾರ ಮಾಡುತ್ತಿದ್ದಾರೆ ಅಂತ ತಕ್ಷಣ ಅಂದುಕೊಳ್ಳಬೇಡಿ. ಗದ್ದ ಹಿಂದಕ್ಕೆ ಇದ್ದರೆ ಪಕ್ಕದಿಂದ ಮೂಗು ದೊಡ್ಡದಾಗಿ ಕಾಣುವುದು ನಿಜ. ಕೇಳಿಸಿಕೊಳ್ಳಿ, ಬೇಡ ಅನ್ನುವ ಹಕ್ಕು ನಿಮಗೆ ಇದ್ದೇ ಇದೆ.

ಕೊನೆಗೆ ಹಣದ ಮಾತು. ಎರಡನೇ ಸಲ ಸರಿಪಡಿಸಬೇಕಾದರೆ ಯಾರು ಎಷ್ಟು ಕೊಡಬೇಕು ಅಂತ ಈಗಲೇ ಕೇಳಿ, ಬರೆಸಿಕೊಳ್ಳಿ. ನೂರರಲ್ಲಿ ಸುಮಾರು 5ರಿಂದ 15 ಮಂದಿಗೆ ಮತ್ತೊಂದು ಆಪರೇಷನ್ ಬೇಕಾಗಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಆಪರೇಷನ್ ಬೇಡ, ಸೂಜಿಯಲ್ಲೇ ಸರಿಮಾಡುತ್ತೇವೆ ಅನ್ನುವವರೂ ಸಿಗುತ್ತಾರೆ. ಇದು ಫಿಲ್ಲರ್, ಅಂದರೆ ಚರ್ಮದ ಕೆಳಗೆ ತುಂಬುವ ಜೆಲ್. ಇದರಿಂದ ಮೂಗಿಗೆ ಏನಾದರೂ ಸೇರಿಸಬಹುದು, ಮೂಗನ್ನು ಸಣ್ಣದು ಮಾಡೋಕೆ ಆಗುವುದಿಲ್ಲ. ಉಬ್ಬಿನ ಮೇಲೂ ಕೆಳಗೂ ತುಂಬಿ ಸಮ ಮಾಡುತ್ತಾರೆ, ಕೆಲವು ತಿಂಗಳಲ್ಲಿ ಕರಗುತ್ತದೆ. ಅಪರೂಪಕ್ಕೆ ಅದು ರಕ್ತನಾಳಕ್ಕೆ ಹೋಗಿ ಸೇರಿದರೆ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು. ಬ್ಯೂಟಿ ಪಾರ್ಲರ್‌ನಲ್ಲಿ ಇದನ್ನು ಖಂಡಿತ ಮಾಡಿಸಬೇಡಿ.

ಹಂತ 4: ಆಪರೇಷನ್‌ಗೆ ಒಂದು ತಿಂಗಳು ಇರುವಾಗ

ಸಿಗರೇಟು ಬಿಡಿ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ. ವೇಪ್, ನಿಕೋಟಿನ್ ಗಮ್ ಕೂಡ ಬೇಡ ಅನ್ನುವ ಸರ್ಜನ್‌ಗಳು ಜಾಸ್ತಿ, ಯಾಕೆಂದರೆ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಎತ್ತಿ ಹೊಲಿದ ತೆಳು ಚರ್ಮಕ್ಕೆ ರಕ್ತ ಸರಿಯಾಗಿ ಬರದಿದ್ದರೆ ಗಾಯ ಒಣಗುವುದಿಲ್ಲ. ಸೇದುತ್ತಿದ್ದರೆ ಮುಚ್ಚಿಡಬೇಡಿ. ಮೂಗಿನಿಂದ ಎಳೆಯುವ ಮಾದಕ ವಸ್ತು ಯಾವತ್ತಾದರೂ ಬಳಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅವರು ನಿಮ್ಮನ್ನು ಅಳೆಯೋಕೆ ಕೂತಿಲ್ಲ. ಮೂಗಿನ ನಡುಗೋಡೆ ಹಾಳಾಗಿದೆಯಾ ಅಂತ ಅವರಿಗೆ ಗೊತ್ತಾಗಬೇಕು.

ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ. ಆಸ್ಪಿರಿನ್, ಐಬುಪ್ರೊಫೇನ್, ವಿಟಮಿನ್ ಇ, ಮೀನೆಣ್ಣೆ ಕ್ಯಾಪ್ಸೂಲ್, ಬೆಳ್ಳುಳ್ಳಿ ಮಾತ್ರೆ, ಗಿಂಕೋ ಅನ್ನುವ ಗಿಡದ ಮಾತ್ರೆ, ಇವು ರಕ್ತ ಹೆಪ್ಪುಗಟ್ಟುವುದನ್ನು ಕಡಿಮೆ ಮಾಡಬಲ್ಲವು. ಹೆಚ್ಚಾಗಿ ಎರಡು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಆದರೆ ಹೃದಯಕ್ಕೋ ಪಾರ್ಶ್ವವಾಯುವಿಗೋ ಅಂತ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರನ್ನೇ ಕೇಳಬೇಕು. ಮೊಡವೆಗೆ ಐಸೊಟ್ರೆಟಿನೋಯಿನ್ ತೆಗೆದುಕೊಳ್ಳುತ್ತಿದ್ದರೆ, ಮೂಗು ಕಟ್ಟಿದಾಗಲೆಲ್ಲ ಸ್ಪ್ರೇ ಹಾಕುವ ಅಭ್ಯಾಸ ಇದ್ದರೆ, ಅದೂ ಪಟ್ಟಿಯಲ್ಲಿ ಇರಲಿ. ಹಲ್ಲು ಕೀಳಿಸಿದಾಗ ಗಂಟೆಗಟ್ಟಲೆ ರಕ್ತ ನಿಲ್ಲಲಿಲ್ಲ ಅನ್ನುವಂಥ ಹಳೆಯ ಸಂಗತಿಯೂ ಮುಖ್ಯ.

ಮನೆಯನ್ನೂ ಸಜ್ಜು ಮಾಡಿ. ಎತ್ತರಕ್ಕೆ ಎರಡು ಮೂರು ದಿಂಬು. ಮುಂದೆ ಬಟನ್ ಇರುವ ಅಂಗಿ, ತಲೆ ಮೇಲಿಂದ ಎಳೆದು ಹಾಕುವಂಥದ್ದು ಬೇಡ. ತುಟಿಗೆ ವ್ಯಾಸಲಿನ್, ಬಾಯಲ್ಲಿ ಉಸಿರಾಡಿ ಒಡೆಯುತ್ತದೆ. ಮೆತ್ತನೆಯ ಊಟಕ್ಕೆ ಬೇಕಾದ್ದು. ಮೊದಲ ರಾತ್ರಿ ಜೊತೆಗಿರಲು ಒಬ್ಬರು. ಕನ್ನಡಕ ಹಾಕುವವರು ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಈಗಲೇ ಯೋಚಿಸಿ, ಮುಂದೆ ಕೆಲಸಕ್ಕೆ ಬರುತ್ತದೆ. ಕೆಲಸಕ್ಕೆ ಒಂದರಿಂದ ಎರಡು ವಾರ ರಜೆ ಹಾಕಿ. ದೊಡ್ಡ ಸಮಾರಂಭ ಹತ್ತಿರ ಇದ್ದರೆ ಆಪರೇಷನ್ ಮುಂದೂಡಿ. ಫೋಟೋಗೆ ನಿಲ್ಲಬೇಕಾದ ದಿನಕ್ಕೂ ಆಪರೇಷನ್‌ಗೂ ನಡುವೆ ಕೆಲವು ತಿಂಗಳಾದರೂ ಇರಲಿ.

ಹಂತ 5: ಆ ದಿನ

ಇಲ್ಲಿ ಹೇಳೋಕೆ ಜಾಸ್ತಿ ಇಲ್ಲ. ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯ ನಿಯಮ ಅಂದರೆ ಗಟ್ಟಿ ಊಟ ಆರು ಗಂಟೆ ಮುಂಚೆ, ಬರೀ ನೀರು ಎರಡು ಗಂಟೆ ಮುಂಚೆ ನಿಲ್ಲಿಸಬೇಕು. ಭಾರಿ ಊಟಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ಅರಿವಳಿಕೆ ಡಾಕ್ಟರ್ ಹೇಳಿದ ಹೊತ್ತೇ ಕೊನೆ ಮಾತು. ಮೂಗುತಿ, ಲೆನ್ಸ್, ಉಗುರು ಬಣ್ಣ ತೆಗೆದು ಹೋಗಿ. ಹೆಚ್ಚಿನವರಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಕೆಲಸಕ್ಕೆ ತಕ್ಕಂತೆ ಒಂದೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ಜಾಸ್ತಿ. ಹೊರಗೆ ಕಾಯುವವರು ಹೊತ್ತಾಯಿತು ಅಂತ ಒದ್ದಾಡಬೇಡಿ. ಮಲಗಿಸಲು, ಎಬ್ಬಿಸಲು ಹಿಡಿಯುವ ಸಮಯ ಬೇರೆ ಇರುತ್ತದೆ. ಅಲ್ಲಿ ಕೂತು ಒದ್ದಾಡಿದವಳು ಹೇಳುತ್ತಿದ್ದೇನೆ.

ಹಂತ 6: ಮೊದಲ ವಾರ

ನೋವು ಎಷ್ಟಿರುತ್ತದೆ? ಎಲ್ಲರೂ ಮೊದಲು ಕೇಳುವುದು ಇದನ್ನೇ. ಹೆದರಿದಷ್ಟು ಇರುವುದಿಲ್ಲ. ಮುಖ ಭಾರ, ತಲೆ ಸಿಡಿತ, ಮೂಗು ಗಟ್ಟಿಯಾಗಿ ಕಟ್ಟಿದ ಹಿಂಸೆ, ಹೀಗೆ. ನೋವಿಗಿಂತ ಮೂಗು ಕಟ್ಟಿರುವುದೇ ಜಾಸ್ತಿ ಕಾಡಿತು ಅಂತ ನನ್ನ ತಂಗಿ ಹೇಳುತ್ತಿದ್ದಳು. ಬಾಯಲ್ಲಿ ಉಸಿರಾಡಿ ಗಂಟಲು ಒಣಗುತ್ತದೆ, ನಿದ್ದೆ ತುಂಡು ತುಂಡು. ಹಾಸಿಗೆ ಪಕ್ಕ ನೀರಿನ ಬಾಟಲಿ ಇಟ್ಟುಕೊಳ್ಳಿ. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆ ಮಾತ್ರ ತೆಗೆದುಕೊಳ್ಳಿ. ಮನೆಯಲ್ಲಿ ಇದ್ದ ಬೇರೆ ಮಾತ್ರೆ ನುಂಗಬೇಡಿ, ಅದು ರಕ್ತ ಸೋರಿಸುವ ಜಾತಿಯದ್ದಾಗಿರಬಹುದು.

ಊತ, ಕಣ್ಣ ಸುತ್ತ ಕಪ್ಪು-ನೀಲಿ ಬಣ್ಣ ಎರಡನೇ ಮೂರನೇ ದಿನ ಏರುತ್ತವೆ. ಮೊದಲ ದಿನಕ್ಕಿಂತ ಮೂರನೇ ದಿನ ಮುಖ ಕೆಟ್ಟದಾಗಿ ಕಂಡರೆ ಏನೋ ತಪ್ಪಾಗಿದೆ ಅಂತ ಅಲ್ಲ. ಆಮೇಲೆ ನೀಲಿ ಹೋಗಿ ಹಸಿರು, ಹಳದಿ ಆಗಿ, ಹತ್ತರಿಂದ ಹದಿನಾಲ್ಕು ದಿನದಲ್ಲಿ ಮಾಸುತ್ತದೆ. ಕಣ್ಣಿನ ಬಿಳಿ ಭಾಗದಲ್ಲಿ ಕೆಂಪು ಮಚ್ಚೆ ಬಿದ್ದರೆ ಅದಕ್ಕೆ ಇನ್ನೂ ಕೆಲವು ದಿನ ಬೇಕು. ತಲೆ ಎತ್ತರ ಇಟ್ಟು ಮಲಗಿ, ಪಕ್ಕಕ್ಕೆ ಹೊರಳಬೇಡಿ. ಮೊದಲ ಎರಡು ದಿನ ಕೆನ್ನೆ, ಕಣ್ಣಿನ ಮೇಲೆ ಬಟ್ಟೆ ಸುತ್ತಿದ ತಣ್ಣನೆ ಪ್ಯಾಕ್ ಇಡಬಹುದು. ಮೂಗಿನ ಮೇಲೆ ಮಾತ್ರ ಭಾರ ಬೀಳಬಾರದು, ಸ್ಪ್ಲಿಂಟ್ ಒದ್ದೆಯಾಗಬಾರದು.

ಮೂಗಿನಿಂದ ಕೆಂಪು ನೀರು ಸೋರುವುದು ಮೊದಲ ಎರಡು ಮೂರು ದಿನ ಸಹಜ. ಮೂಗಿನ ಕೆಳಗೆ ಕಟ್ಟಿದ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಬದಲಾಯಿಸುತ್ತಾ ಇರಿ. ಸಿಂಬಳ ಸೀಟಬೇಡಿ, ಕನಿಷ್ಠ ಎರಡು ವಾರ. ಸೀನು ಬಂದರೆ ತಡೆಯಬೇಡಿ, ಬಾಯಿ ತೆರೆದು ಸೀನಿ. ಬೆರಳು ಒಳಗೆ ಹಾಕಬೇಡಿ. ಹಕ್ಕಳೆ ಕಟ್ಟಿ ತುರಿಸುತ್ತದೆ ನಿಜ, ಅದಕ್ಕೆ ಉಪ್ಪು ನೀರಿನ ಸ್ಪ್ರೇ ಇದೆ. ಮನೆಯಲ್ಲಿ ಉಪ್ಪು ನೀರು ಮಾಡಿಕೊಂಡು ಮೂಗು ತೊಳೆಯಲು ಹೇಳಿದ್ದರೆ ಕುದಿಸಿ ಆರಿಸಿದ ನೀರೇ ಬೇಕು, ನಲ್ಲಿ ನೀರು ಬೇಡ. ಬಗ್ಗಿ ಭಾರ ಎತ್ತಬೇಡಿ. ಮಲಬದ್ಧತೆ ಆಗದಂತೆ ನೀರು, ಹಣ್ಣು ಜಾಸ್ತಿ ತಿನ್ನಿ. ತಿಣುಕಿದರೂ ಮೂಗಿನಿಂದ ರಕ್ತ ಬರಬಹುದು. ತೀರಾ ಬಿಸಿ ಊಟ, ಬಿಸಿ ಸ್ನಾನ ಎರಡೂ ಈ ವಾರ ಬೇಡ. ಮನೆಯೊಳಗೆ ನಿಧಾನವಾಗಿ ಓಡಾಡುವುದು ಮಾತ್ರ ಮೊದಲ ದಿನದಿಂದಲೇ ಒಳ್ಳೆಯದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ.

ಮೂಗಿನ ತುದಿ, ಮೇಲ್ತುಟಿ, ಮುಂದಿನ ಹಲ್ಲುಗಳು ಜೋಮು ಹಿಡಿದ ಹಾಗೆ ಇರಬಹುದು. ನಗು ಬಿಗಿಯಾಗಿ, ಬೇರೆ ಯಾರದೋ ನಗುವಿನ ಥರ ಕಾಣಬಹುದು. ವಾಸನೆ ಗೊತ್ತಾಗದೇ ಇರಬಹುದು, ಅದರಿಂದ ಊಟಕ್ಕೆ ರುಚಿಯೂ ಇಲ್ಲ. ಊತ ಇಳಿದಂತೆ ಇವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ಸರಿಹೋಗುತ್ತವೆ.

ಹಂತ 7: ಕಾಯಬೇಡಿ ಅನ್ನುವ ಲಕ್ಷಣಗಳು

ಇದನ್ನು ಒಂದು ಚೀಟಿಯಲ್ಲಿ ಬರೆದು, ಆಸ್ಪತ್ರೆಯ ತುರ್ತು ನಂಬರ್ ಜೊತೆ ಫ್ರಿಜ್ ಮೇಲೆ ಅಂಟಿಸಿ. ರೋಗಿಗಿಂತ ಜೊತೆಗಿರುವವರಿಗೆ ಇದು ಬೇಕು.

ರಕ್ತ ಹನಿಯುವುದು ಬೇರೆ, ಹರಿಯುವುದು ಬೇರೆ. ಗಾಜ್ ಇಟ್ಟ ಸ್ವಲ್ಪ ಹೊತ್ತಿಗೇ ಪೂರ್ತಿ ತೊಯ್ದು, ಮತ್ತೆ ಇಟ್ಟದ್ದೂ ತೊಯ್ದರೆ, ಗಂಟಲಿಗೆ ರಕ್ತ ಇಳಿಯುತ್ತಲೇ ಇದ್ದರೆ, ಎದ್ದು ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ, ಬಾಯಿಗೆ ಬಂದದ್ದನ್ನು ಉಗುಳಿಸಿ, ಫೋನ್ ಮಾಡಿ. ನಿಲ್ಲದಿದ್ದರೆ ನೇರ ಆಸ್ಪತ್ರೆಗೆ. ಆಪರೇಷನ್ ಆಗಿ ವಾರ ಕಳೆದ ಮೇಲೂ ಹೀಗೆ ಆಗಬಹುದು, ಎರಡು ವಾರದವರೆಗೆ ಎಚ್ಚರ ಇರಲಿ.

ಇನ್ನೊಂದು, ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಮೂಗಿನ ನಡುಗೋಡೆಯಲ್ಲಿ ರಕ್ತ ಕಟ್ಟಿಕೊಳ್ಳುವುದು. ನೋವು ಕಡಿಮೆಯಾಗುತ್ತಾ ಇದ್ದದ್ದು ಒಮ್ಮೆಲೇ ಏರುತ್ತದೆ, ಮೂಗಿನೊಳಗೆ ಡವಡವ ಅನ್ನುತ್ತದೆ, ಎರಡೂ ಕಡೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಆ ರಕ್ತವನ್ನು ಬೇಗ ತೆಗೆಯದಿದ್ದರೆ ಒಳಗಿನ ಕಾರ್ಟಿಲೇಜ್‌ಗೆ ಪೋಷಣೆ ಸಿಗದೆ ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ, ಮೂಗಿನ ಏಣು ಕುಸಿಯುತ್ತದೆ. ನಾಳೆ ನೋಡೋಣ ಅನ್ನಬೇಡಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮೂಗು ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ ಸೋಂಕಿರಬಹುದು. ರಕ್ತ ನಿಲ್ಲಲು ಮೂಗಿನೊಳಗೆ ಪ್ಯಾಕ್ (ಬಟ್ಟೆಯಂಥದ್ದು) ತುಂಬಿ ಇಟ್ಟಿರುವಾಗ ಜೋರು ಜ್ವರದ ಜೊತೆ ವಾಂತಿ, ಭೇದಿ, ತಲೆಸುತ್ತು, ಮೈಮೇಲೆ ಕೆಂಪು ದದ್ದು ಬಂದರೆ ಅಪರೂಪದ, ಆದರೆ ತುಂಬಾ ಅಪಾಯದ ಸೋಂಕು ಅಂತ ತಿಳಿದು ಓಡಿ. ಬಗ್ಗಿದಾಗ ಮೂಗಿನ ಒಂದು ಕಡೆಯಿಂದ ಶುದ್ಧ ನೀರಿನಂಥದ್ದು ತೊಟ್ಟಿಕ್ಕುತ್ತಿದ್ದರೆ, ಜೊತೆಗೆ ತಲೆನೋವು ಇದ್ದರೆ, ಅದು ಮೆದುಳಿನ ಸುತ್ತ ಇರುವ ನೀರು ಇರಬಹುದು. ಕಣ್ಣು ಮಂಜಾದರೂ, ಒಂದು ಎರಡಾಗಿ ಕಂಡರೂ, ಮೀನಖಂಡ ಊದಿ ನೋವಾದರೂ, ಎದೆನೋವು ಅಥವಾ ಏದುಸಿರು ಬಂದರೂ ತುರ್ತು ಚಿಕಿತ್ಸೆ ಬೇಕು. ಸುಮ್ನೆ ತೊಂದರೆ ಕೊಡುತ್ತಿದ್ದೇನೇನೋ ಅನ್ನುವ ಸಂಕೋಚ ಬಿಡಿ. ನಾನು ಆ ವಾರ ಮೂರು ಸಲ ಫೋನ್ ಮಾಡಿದ್ದೆ. ಮೂರೂ ಸಲ ಏನೂ ಆಗಿರಲಿಲ್ಲ. ಈಗಲೂ ಅದರ ಬಗ್ಗೆ ಬೇಸರ ಇಲ್ಲ.

ಹಂತ 8: ಸ್ಪ್ಲಿಂಟ್ ತೆಗೆಯುವ ದಿನ

ಸಾಮಾನ್ಯವಾಗಿ ಏಳರಿಂದ ಹತ್ತು ದಿನದೊಳಗೆ ತೆಗೆಯುತ್ತಾರೆ. ಎಷ್ಟೋ ದಿನ ಕಾದ ಕ್ಷಣ ಇದು, ಅದಕ್ಕೇ ನಿರಾಸೆಯೂ ದೊಡ್ಡದಾಗುತ್ತದೆ. ಮೂಗು ಅಗಲವಾಗಿ, ತುದಿ ಮೇಲಕ್ಕೆ ಎದ್ದು, ಚರ್ಮ ಎಣ್ಣೆ ಎಣ್ಣೆಯಾಗಿ ಕಾಣುತ್ತದೆ. ಕೆಲವರಿಗೆ ಮೊಡವೆ ಏಳುತ್ತದೆ. ಎರಡು ಕಡೆ ಒಂದೇ ಥರ ಇರುವುದಿಲ್ಲ, ಊತ ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಇದು ನಿಮ್ಮ ಹೊಸ ಮೂಗು ಅಲ್ಲ, ಹೊಸ ಮೂಗಿನ ಮೇಲೆ ಹೊದ್ದ ಊತ.

ಮನಸ್ಸು ಕುಗ್ಗುವುದು ತುಂಬಾ ಜನರಿಗೆ ಆಗುತ್ತದೆ. ಅರಿವಳಿಕೆಯ ಸುಸ್ತು, ನಿದ್ದೆ ಇಲ್ಲದಿರುವುದು, ಮನೆಯಲ್ಲೇ ಕೂರುವುದು, ಕನ್ನಡಿಯಲ್ಲಿ ಪರಿಚಯ ಇಲ್ಲದ ಮುಖ, ಎಲ್ಲ ಸೇರುತ್ತದೆ. "ಯಾಕಾದರೂ ಮಾಡಿಸಿಕೊಂಡೆನೋ" ಅನಿಸಿದರೆ ನೀವೊಬ್ಬರೇ ಅಲ್ಲ. ಈ ದಿನಗಳಲ್ಲಿ ಕನ್ನಡಿ ನೋಡುವುದನ್ನು ಕಡಿಮೆ ಮಾಡಿ. ದಿನಕ್ಕೆ ಹತ್ತು ಫೋಟೋ ತೆಗೆದು ಹೋಲಿಸಬೇಡಿ, ತಿಂಗಳಿಗೆ ಒಂದು ಸಾಕು. ಅದೇ ಜಾಗ, ಅದೇ ಬೆಳಕು, ಅದೇ ದೂರ ಇರಲಿ. ಮನೆಯವರಿಗೂ ಒಂದು ಮಾತು: "ಮೊದಲೇ ಚೆನ್ನಾಗಿತ್ತು" ಅಂತ ಈ ವಾರ ಹೇಳಬೇಡಿ, ದಯವಿಟ್ಟು. ಬೇಸರ ವಾರಗಟ್ಟಲೆ ಬಿಡದಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ, ಅದನ್ನು ಊತದ ಲೆಕ್ಕಕ್ಕೆ ಹಾಕಬೇಡಿ. ತಕ್ಷಣ ಡಾಕ್ಟರಿಗೆ ಹೇಳಿ.

ಹಂತ 9: ಎರಡನೇ ವಾರದಿಂದ ಎರಡು ಮೂರು ತಿಂಗಳವರೆಗೆ

ಕನ್ನಡಕ ಮೂಗಿನ ಮೇಲೆ ಕೂರಬಾರದು, ನಾಲ್ಕರಿಂದ ಆರು ವಾರ. ಮೂಳೆ ಇನ್ನೂ ಕೂಡಿಕೊಳ್ಳುತ್ತಿರುತ್ತದೆ, ಕನ್ನಡಕದ ಭಾರಕ್ಕೂ ತಗ್ಗು ಬೀಳಬಹುದು. ಲೆನ್ಸ್ ಆಗದವರು ಕನ್ನಡಕವನ್ನು ಹಣೆಗೆ ಟೇಪ್ ಹಾಕಿ ತೂಗುಹಾಕುತ್ತಾರೆ. ನೋಡೋಕೆ ವಿಚಿತ್ರ, ಆದರೆ ಕೆಲಸ ಆಗುತ್ತದೆ.

ವಾಕಿಂಗ್ ಮುಂದುವರಿಸಿ. ಓಟ, ಜಿಮ್, ಭಾರ ಎತ್ತುವುದು ಮೂರು ನಾಲ್ಕು ವಾರ ಆದ ಮೇಲೆ, ಡಾಕ್ಟರ್ ಒಪ್ಪಿದರೆ. ಈಜು ನಾಲ್ಕರಿಂದ ಆರು ವಾರ ಬೇಡ. ಚೆಂಡು, ಮೊಣಕೈ ಮುಖಕ್ಕೆ ತಾಗುವ ಆಟಗಳಿಗೆ ಕೆಲವು ತಿಂಗಳು ಕಾಯಬೇಕು. ಮನೆಯಲ್ಲಿ ಸಣ್ಣ ಮಗು ಇದ್ದರೆ ಎತ್ತಿಕೊಳ್ಳುವಾಗ ಎಚ್ಚರ, ಅವುಗಳ ತಲೆ ಸೀದಾ ನಮ್ಮ ಮೂಗಿಗೇ ಬಂದು ಬಡಿಯುತ್ತದೆ. ಪೆಟ್ಟು ಬಿದ್ದರೆ ನೋವಿಲ್ಲ ಅಂತ ಸುಮ್ಮನಿರದೆ ತೋರಿಸಿ.

ಬಿಸಿಲು ಊತ ಹೆಚ್ಚಿಸುತ್ತದೆ, ಗಾಯದ ಗುರುತನ್ನು ಕಪ್ಪು ಮಾಡುತ್ತದೆ. ಟೋಪಿ ಹಾಕಿ, ಡಾಕ್ಟರ್ ಹೇಳಿದ ದಿನದಿಂದ ಸನ್‌ಸ್ಕ್ರೀನ್ ಹಚ್ಚಿ. ವಿಮಾನ ಪ್ರಯಾಣ ಎರಡು ವಾರದೊಳಗೆ ಇದ್ದರೆ ಮೊದಲೇ ಕೇಳಿ. ಮೂಗುತಿ ಮತ್ತೆ ಯಾವಾಗ ಹಾಕಬಹುದು ಅನ್ನುವುದನ್ನೂ ಅವರೇ ಹೇಳಲಿ, ತೂತು ಮುಚ್ಚಿಹೋಗುತ್ತದೆ ಅಂತ ಅವಸರದಲ್ಲಿ ತುರುಕಬೇಡಿ. ಮೂಗನ್ನು ಒತ್ತಿ ತೀಡುವ ಮಸಾಜ್ ಕೂಡ ಅಷ್ಟೇ. ಕೆಲವರಿಗೆ ಡಾಕ್ಟರ್ ಹೇಳಿಕೊಡುತ್ತಾರೆ. ಹೇಳದಿದ್ದರೆ ವಿಡಿಯೋ ನೋಡಿಕೊಂಡು ಮಾಡಬೇಡಿ.

ಉಸಿರಾಟ ಎರಡು ಮೂರು ವಾರದಲ್ಲಿ ಹಗುರವಾಗುತ್ತಾ ಬರಬೇಕು. ಉಸಿರಾಡುವಾಗ ಮೂಗಿನೊಳಗೆ ಸಿಳ್ಳೆ ಹೊಡೆದಂತೆ ಶಬ್ದ ಬಂದು ಅದು ನಿಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಹೇಳಿ. ನಡುಗೋಡೆಯಲ್ಲಿ ತೂತು ಆಗಿದೆಯಾ ಅಂತ ನೋಡಬೇಕಾಗುತ್ತದೆ.

ಹಂತ 10: ವರ್ಷದ ಕಾಯುವಿಕೆ

ಮೊದಲ ಒಂದೆರಡು ತಿಂಗಳಲ್ಲಿ ಊತದ ದೊಡ್ಡ ಪಾಲು ಇಳಿಯುತ್ತದೆ. ಏಣು ಮೊದಲು ಸ್ಪಷ್ಟವಾಗುತ್ತದೆ. ತುದಿ ಎಲ್ಲಕ್ಕಿಂತ ಕೊನೆಗೆ. ಬೆಳಿಗ್ಗೆ ಎದ್ದಾಗ ದಪ್ಪ, ಸಂಜೆಗೆ ಸಣ್ಣ. ಉಪ್ಪು ಜಾಸ್ತಿ ತಿಂದ ಮರುದಿನ ಮತ್ತೆ ದಪ್ಪ. ಈ ಏರಿಳಿತ ತಿಂಗಳುಗಟ್ಟಲೆ ಇರುತ್ತದೆ. ಕೊನೆಯ ರೂಪ ಬರಲು ಒಂದು ವರ್ಷ ಬೇಕು, ದಪ್ಪ ಚರ್ಮದವರಿಗೆ ಒಂದೂವರೆ ಎರಡು ವರ್ಷವೂ ಆಗಬಹುದು. ತುದಿ ಮುಟ್ಟಿದರೆ ಗಟ್ಟಿ ಅನಿಸುವುದೂ ನಿಧಾನಕ್ಕೆ ಮೆದುವಾಗುತ್ತದೆ.

ಅಲ್ಲಿಯವರೆಗೂ ಡಾಕ್ಟರ್ ಕರೆದಾಗಲೆಲ್ಲ ಹೋಗಿ. ಎಲ್ಲ ಸರಿ ಇದೆ ಅನಿಸಿದರೂ ಹೋಗಿ. ಊತ ಹೆಚ್ಚು ದಿನ ಉಳಿದ ಜಾಗಕ್ಕೆ ಕೆಲವೊಮ್ಮೆ ಅವರು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಸರಿಯಾದ ಹೊತ್ತು ಅವರಿಗೇ ಗೊತ್ತು.

ಹಂತ 11: ಒಂದು ವರ್ಷ ಆದ ಮೇಲೂ ಸಮಾಧಾನ ಇಲ್ಲದಿದ್ದರೆ

ಮೂರನೇ ತಿಂಗಳಲ್ಲಿ ಎರಡನೇ ಆಪರೇಷನ್ ಕೇಳಬೇಡಿ. ಊದಿದ, ಇನ್ನೂ ಗಟ್ಟಿಯಿರುವ ಮೂಗಿನ ಮೇಲೆ ಮತ್ತೆ ಕತ್ತರಿ ಆಡಿಸಿದರೆ ಕೆಡುವುದೇ ಜಾಸ್ತಿ. ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಕಾಯುತ್ತಾರೆ. ಮೂಗಿನಲ್ಲಿ ಉಸಿರಾಡೋಕೇ ಆಗದಂತಾದರೆ ಆ ಲೆಕ್ಕ ಬೇರೆ, ಬೇಗ ತೋರಿಸಿ.

ಹೋಗುವಾಗ ಮತ್ತೆ ಮೊದಲಿನ ಹಾಗೆ ಹಾಳೆ ಬರೆಯಿರಿ. ಏನು ಸರಿಹೋಗಿದೆ, ಏನು ಉಳಿದಿದೆ. ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿ. ಆಗ ಕೇಳಿದ ಎರಡು ವಿಷಯ ಆಗಿವೆಯಾ, ಅಥವಾ ಈಗ ಹೊಸದೊಂದು ಕಣ್ಣಿಗೆ ಬಿದ್ದಿದೆಯಾ? ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ. ಒಳಗೆ ಗಾಯದ ಅಂಗಾಂಶ ತುಂಬಿರುತ್ತದೆ, ಗೋಡೆಯ ಕಾರ್ಟಿಲೇಜ್ ಮೊದಲೇ ಬಳಸಿರುತ್ತಾರೆ, ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತರಬೇಕಾಗುತ್ತದೆ. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಇಷ್ಟೆಲ್ಲ ಬೇಕಾ ಅಂತ ಡಾಕ್ಟರ್ ಕೇಳಿದರೆ ಅದು ನುಣುಚಿಕೊಳ್ಳುವ ಮಾತಲ್ಲ, ನಿಮ್ಮ ಒಳ್ಳೆಯದಕ್ಕೇ ಕೇಳುತ್ತಿದ್ದಾರೆ.

ಬೇರೆ ಸರ್ಜನ್ ಹತ್ತಿರ ಹೋಗುವುದಾದರೆ ಮೊದಲ ಆಪರೇಷನ್‌ನ ಟಿಪ್ಪಣಿ ಕೇಳಿ ಪಡೆಯಿರಿ. ಎಲ್ಲಿಂದ ಕಾರ್ಟಿಲೇಜ್ ತೆಗೆದರು, ಎಲ್ಲಿ ಇಟ್ಟರು, ಒಳಗೆ ಏನಾದರೂ ಬಿಟ್ಟಿದ್ದಾರಾ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಅದರ ಜೊತೆ ಆಪರೇಷನ್‌ಗೆ ಮುಂಚಿನ ಫೋಟೋ ಮತ್ತು ತಿಂಗಳಿಗೆ ಒಂದರಂತೆ ತೆಗೆದಿಟ್ಟ ಫೋಟೋಗಳನ್ನೂ ತೆಗೆದುಕೊಂಡು ಹೋಗಿ.